ಊರ ನೀರಿನ ಮೋಟರೂ ನನ್ನ ಹೆಬ್ಬೆಟ್ಟೂ

ಅಥಣಿ ದಾಟಿ ಐಗಳಿ ಕಡೆ ಇರೋ ನಮ್ಮ ಸಣ್ಣ ಊರಿಗೆ ಕುಡ್ಯಾಕ ಒಂದ ಬೋರು, ಒಂದ ಮೋಟರು. ಅದು ಸುಟ್ಟಾಗೊಮ್ಮೆ ಕೊಡ ಬರಿದಾಗತಾವ, ಒಂದ ನಗಿ ಮಾತ್ರ ಹುಟ್ಟತೈತಿ.

೧. ಮಿರಜಿನವ

ಮೊದಲ ಗಡಿ ಆಚಿ ಮಿರಜಿನ ರಿಪೇರಿಯವನೇ ಮೋಟರ್ ಒಯ್ದು, ಹೊಸಾ ತಂತಿ ಸುತ್ತಿ ತರತಿದ್ದ. ಭಾಳ ಚಲೋ ಕೈ. ಒಮ್ಮೆ ಗಡಿ ಗದ್ದಲಾಗಿ ಬಸ್ ನಿಂತವು. ಊರಿಗೆ ನಾಕು ದಿನ ನೀರಿಲ್ಲ. ನಾನೇ ಫೋನ್ ಹಚ್ಚಿಸಿ ಕೇಳಿದೆ.

"ಆಜಿ, ಮೋಟರ್ ತಯಾರ ಐತಿ. ರಸ್ತಾ ತಯಾರಿಲ್ಲ" ಅಂದ.

೨. ನಮ್ಮವ

ಹೊರಗಿನವರನ್ನ ನಂಬಿದ್ರ ಹಿಂಗ, ನೀರಿನ ಕೆಲಸ ಇನ್ನ ಊರವನಿಗೇ ಅಂತ ಪಂಚಾಯ್ತಿಯವ್ರು ಠರಾವು ಮಾಡಿದ್ರು. ಊರಾಗ ಆ ಕೆಲಸ ಬಲ್ಲವ ಒಬ್ಬನೇ, ನನ್ನ ಅಳಿಯ. ನಾನೂ ಉಬ್ಬಿದೆ. ಮೊದಮೊದಲು ಓಡಿ ಬರತಿದ್ದ. ತನ್ನ ಬಿಟ್ಟರ ಯಾರೂ ಇಲ್ಲಂತ ತಿಳದ ಮ್ಯಾಲ ಊಟ, ನಿದ್ದಿ ಮುಗಿಸಿ ಬರಾಕತ್ತಿದ. ಬಾಜೂ ಮನಿಯಾಕಿ ಖಾಲಿ ಕೊಡ ಬಗಲಾಗಿಟ್ಕೊಂಡ ಅಂದ್ಲು:

"ಮಿರಜಿನವನಿಗೆ ಬಾಯ್ತುಂಬ ಬೈತಿದ್ವಿ ಯಕ್ಕಾ. ಇವನಿಗೆ ಬೈಬೇಕಂದ್ರ ನಿನ್ನ ಅಪ್ಪಣಿ ಬೇಕು."

೩. ಪೈಪೋಟಿ

ರೇಟ್ ಕೇಳಲಾರದ ಒಬ್ಬನಿಗೇ ಕೆಲಸ ಕೊಡಬಾರದು, ಮೂರು ಮಂದಿ ಕೊಟೇಶನ್ ಬೇಕು ಅಂತ ಕಾಯ್ದೆ ಐತಿ. ಅಳಿಯ ಮೂರು ತಂದಿಟ್ಟ. ಒಂದು ತನ್ನದು, ಒಂದು ನನ್ನ ಮಗಳದು, ಇನ್ನೊಂದಕ್ಕ ನನ್ನ ಹೆಬ್ಬೆಟ್ಟು. ತಪಾಸಣಿಗೆ ಬಂದ ಸಾಹೇಬ್ರು ತುಂಬಿದ ಸಭಾದಾಗ ಕೇಳಿದ್ರು, "ಅಜ್ಜಿ, ನೀವು ಮೂವರೂ ಪೈಪೋಟಿ ಮಾಡಿದ್ರೇನು?"

ಅಳಿಯ ನೆಲ ನೋಡಿದ. ಸುಳ್ಳು ಹೇಳಿದ್ರ ಅವನ ಅನ್ನ ಉಳೀತೈತಿ, ಖರೆ ಹೇಳಿದ್ರ ಊರ ನೀರು.

"ಮಾಡಿದ್ವಿರಿ, ಒಂದ ಒಲಿ ಮುಂದ. ಮಗಳು ರೊಟ್ಟಿ ಬಡದ್ಲು, ನಾ ಪಲ್ಯಾ ಮಾಡ್ದೆ, ಅಳಿಯಾರು ಉಂಡ್ರು. ಯಾರೂ ಸೋಲಲಿಲ್ರಿ."

೪. ನೊರಿ

ಸಾಹೇಬ್ರು ಅವನ ಕೆಲಸ ಕಸಗೋಳಾಕ ಹೊಂಟ್ರು. "ಬ್ಯಾಡ್ರಿ" ಅಂದೆ. "ರಸ್ತಾ ಮುಚ್ಚಿದ ದಿನ ಊರಾಗ ಒಬ್ಬ ಬೇಕ. ಮಿರಜಿನವ, ಇವ ಇಬ್ಬರನ್ನೂ ಕರೀರಿ, ಮೊದಲ ಬಂದವನಿಗೆ ಕೆಲಸ. ನಮ್ಮವನ ಮನಿ ಹತ್ರ ಐತಿ, ಅಷ್ಟ ಸಲಿಗಿ ಸಾಕು." ಹಂಗ ಬರಕೊಂಡ್ರು. ಅಳಿಯ ನನ್ನ ಜೋಡಿ ಮಾತ ಬಿಟ್ಟ.

ತಿಂಗಳೊಪ್ಪತ್ತಿಗೆ ಮೋಟರ್ ಮತ್ತ ಸುಟ್ಟಿತು. ಇಬ್ಬರಿಗೂ ಫೋನ್ ಹೋತು. ನಾವು ಕೊಡ ಇಳಿಸಿ ಕುಂಡ್ರೂದ್ರಾಗ ಅಳಿಯ ನಟ್ ಬಿಚ್ಚೋ ಪಾನಾ ಹಿಡಕೊಂಡ ಓಡಿ ಬಂದ. ಅರ್ಧ ಗಡ್ಡ ಹೋಗಿತ್ತು, ಇನ್ನರ್ಧಕ್ಕ ಸಾಬಾಣದ ನೊರಿ.

"ಮಾರಿನಾದ್ರೂ ಒರಸಿಕೊಂಡ ಬರಬಾರದೇನ್ರಿ ಅಳಿಯಾರ?" ಅಂದೆ.

ಮಾತ ಬಿಟ್ಟಿದ್ದು ಅವನಿಗೆ ಮರತೇ ಹೋಗಿತ್ತು.

"ಪುರಸೊತ್ತ ಎಲ್ಲೀದ್ರಿ ಅತ್ತಿ, ಮಿರಜಿನವನ ಬಸ್ಸು ಬಿಟ್ಟೈತಂತ."