ಮೂರೂಮುಕ್ಕಾಲು ಚಮಚ ಉಪ್ಪು

ಅನಾಹುತಕ್ಕೆಲ್ಲ ಮೂಲ ಗೋಡೆಗೆ ಅಂಟಿಸಿದ್ದ ಒಂದು ಹಾಳೆ. ಇನ್‌ಸ್ಪೆಕ್ಟರು ಬರುತ್ತಾರೆಂದು ಹೆಡ್ ಮೇಡಂ ಕೈಯಾರೆ ಬರೆದ ಜವಾಬ್ದಾರಿ ಪಟ್ಟಿ ಅದು. ಒಲೆ: ಗಣಿತದ ಮೇಷ್ಟ್ರು. ತರಕಾರಿ: ಆರನೇ ತರಗತಿ. ಉಪ್ಪು: ಎಲ್ಲರೂ. ಮುಖ್ಯವಾದ ಕೆಲಸವನ್ನು ಒಬ್ಬರಿಗೇ ಬಿಡುವ ಪದ್ಧತಿ ಆ ಶಾಲೆಯಲ್ಲಿರಲಿಲ್ಲ. ತಪ್ಪಾದರೆ ಯಾರೂ ಸಿಕ್ಕಿಬೀಳಬಾರದಲ್ಲ!

ಮಿಶ್ರ ಭಿನ್ನರಾಶಿಗಳ ಗುಣಾಕಾರವನ್ನು ಅಡುಗೆ ಮಾಡಿ ಕಲಿಸಬೇಕೆಂದು ಮೇಲಿನಿಂದ ಸುತ್ತೋಲೆ ಬಂದಿತ್ತು. ಅದನ್ನು ಬರೆದವರು ಒಲೆಯ ಮುಖ ನೋಡಿದ್ದರೋ ಇಲ್ಲವೋ, ಗಣಿತದ ಮೇಷ್ಟ್ರಂತೂ ನೋಡಿರಲಿಲ್ಲ. ಆದರೆ ಬೇರೆ ದಾರಿಯಿರಲಿಲ್ಲ. ವರ್ಗಾವಣೆ ಪಟ್ಟಿಯಲ್ಲಿ ಅವರ ಹೆಸರಿತ್ತು. ಎರಡು ಬಸ್ಸು, ಆಮೇಲೊಂದು ದೋಣಿ ಹತ್ತಿ ಹೋಗಬೇಕಾದ ಶಾಲೆ. ಮನೆಯಲ್ಲಿ ಮೂರು ತಿಂಗಳ ಕೂಸು. ಆ ಹೆಸರು ಹೊಡೆದುಹಾಕಬಲ್ಲ ಪೆನ್ನು ಇನ್‌ಸ್ಪೆಕ್ಟರ ಜೇಬಿನಲ್ಲಿತ್ತು.

"ಬರೀ ಸೂಪು ಕಣ್ರೀ. ನೀರು ಕುದಿಸೋಕೂ ಬರಲ್ವಾ ನಿಮಗೆ?" ಎಂದು ಹೆಂಡತಿ ಬೆಳಿಗ್ಗೆ ಧೈರ್ಯ ತುಂಬಿ ಕಳಿಸಿದ್ದಳು.

ಪಾಠವೇನೋ ಚೆನ್ನಾಗಿಯೇ ಶುರುವಾಯಿತು.

"ಒಂದು ಪಾಲು ಸೂಪಿಗೆ ಒಂದೂವರೆ ಚಮಚ ಉಪ್ಪು. ನಾವು ಮಾಡ್ತಿರೋದು ಎರಡೂವರೆ ಪಾಲು. ಎಷ್ಟು ಉಪ್ಪು ಬೇಕು?"

"ಎರಡೂಕಾಲು ಸಾರ್!" ಹಿಂದಿನ ಬೆಂಚು ಕೂಗಿತು. "ಎರಡೊಂದ್ಲ ಎರಡು, ಅರ್ಧದಲ್ಲಿ ಅರ್ಧ ಕಾಲು!"

ಎರಡು ಜಡೆಯ ಹುಡುಗಿ ಎದ್ದು ನಿಂತಳು. "ಅಲ್ಲ ಸಾರ್. ಮೊದ್ಲು ಎಲ್ಲಾನೂ ಅರ್ಧ ಅರ್ಧ ಮಾಡ್ಕೋಬೇಕು. ಇಲ್ಲಿ ಮೂರು ಅರ್ಧ, ಅಲ್ಲಿ ಐದು ಅರ್ಧ. ಐದ್ಮೂರ್ಲ ಹದಿನೈದು, ಕೆಳಗೆ ಎರಡೆರಡ್ಲ ನಾಲ್ಕು. ಹದಿನೈದು ಕಾಲು ಅಂದ್ರೆ ಮೂರೂಮುಕ್ಕಾಲು."

ಮೇಷ್ಟ್ರ ಕಣ್ಣು ತುಂಬಿ ಬಂತು. ದೋಣಿ ಆಗಲೇ ದಡ ಬಿಟ್ಟು ದೂರ ಹೋದಂತೆನಿಸಿತು. ಬೋರ್ಡಿನ ಮೇಲೆ ದಪ್ಪಕ್ಷರದಲ್ಲಿ "ಉಪ್ಪು 3¾ ಚಮಚ" ಎಂದು ಬರೆದು, ಹುಡುಗಿಯ ಕೈಯಲ್ಲೇ ಅಳೆದು ಹಾಕಿಸಿ, ಬಟ್ಟಲು ತರಲು ಉಗ್ರಾಣಕ್ಕೆ ಓಡಿದರು.

ಅವರು ಅತ್ತ ಹೋದರು, ಹೆಡ್ ಮೇಡಂ ಇತ್ತ ಬಂದರು. ಬೋರ್ಡು ನೋಡಿದರು, ಗೋಡೆಯ ಹಾಳೆ ನೋಡಿದರು, ಚಮಚ ಎತ್ತಿಕೊಂಡರು.

"ಮೇಡಂ, ಉಪ್ಪು..." ಎಂದಳು ಹುಡುಗಿ.

"ದೊಡ್ಡೋರು ಕೆಲಸ ಮಾಡೋವಾಗ ಮಧ್ಯೆ ಬಾಯಿ ಹಾಕಬಾರ್ದು."

ಮೂರೂಮುಕ್ಕಾಲು ಚಮಚ ಹಾಕಿ, ಹಾಳೆಯ ಮೇಲೆ ರುಜು ಮಾಡಿ ಹೊರಟರು. ಹಿಂದೆಯೇ ಡ್ರಿಲ್ ಮೇಷ್ಟ್ರು ಬಂದರು. ಹುಡುಗಿ ಬಾಯಿ ತೆರೆಯುವ ಮೊದಲೇ ಸೀಟಿ ಊದಿ ಎಲ್ಲರನ್ನೂ ಕೂರಿಸಿ, ತಮ್ಮ ಜವಾಬ್ದಾರಿಯನ್ನೂ ಅಳೆದು ಪಾತ್ರೆಗೆ ಸುರಿದರು.

ಗಣಿತದ ಮೇಷ್ಟ್ರು ಬಟ್ಟಲು ಹೊತ್ತು ಬರುವ ಹೊತ್ತಿಗೆ ಇನ್‌ಸ್ಪೆಕ್ಟರೂ ಬಂದರು. ಮೊದಲ ಬಟ್ಟಲು ಅವರಿಗೇ ಹೋಯಿತು. ಒಂದೇ ಗುಟುಕು. ಅವರ ಮುಖ ಹಿಂಡಿದ ಒದ್ದೆ ಬಟ್ಟೆಯಂತಾಯಿತು. ಒಂದು ಚೊಂಬು ನೀರು ಖಾಲಿಯಾಯಿತು.

"ಲೆಕ್ಕ ಇವರದ್ದೇ ಸಾರ್," ಎಂದು ಹೆಡ್ ಮೇಡಂ ತಡಮಾಡದೆ ಗಣಿತದ ಮೇಷ್ಟ್ರನ್ನು ತೋರಿಸಿದರು. ಡ್ರಿಲ್ ಮೇಷ್ಟ್ರು ಹೌದೌದೆಂದು ತಲೆಯಾಡಿಸಿದರು. ಮೇಷ್ಟ್ರ ಕಣ್ಣಮುಂದೆ ದೋಣಿ ಮತ್ತೆ ತೇಲಿ ಬಂತು.

"ಸಾರ್ ಲೆಕ್ಕ ತಪ್ಪಿಲ್ಲ," ಎಂದಳು ಎರಡು ಜಡೆಯ ಹುಡುಗಿ. "ನಾನೊಂದ್ಸಲ, ಹೆಡ್ ಮೇಡಂ ಒಂದ್ಸಲ, ಡ್ರಿಲ್ ಸಾರ್ ಒಂದ್ಸಲ ಹಾಕಿದ್ವಿ. ಮೂರೂಮುಕ್ಕಾಲು ಮೂರ್ಲ ಹನ್ನೊಂದೂಕಾಲು."

ಇನ್‌ಸ್ಪೆಕ್ಟರು ಚೊಂಬು ಕೆಳಗಿಟ್ಟರು. ಮೆಲ್ಲಗೆ ಅವರ ಮುಖ ಅರಳಿತು.

"ಭೇಷ್! ಇದು ಕಣ್ರೀ ಪಾಠ! ಈ ಮಕ್ಕಳು ಜನ್ಮದಲ್ಲಿ ಈ ಲೆಕ್ಕ ಮರೆಯಲ್ಲ. ನಾನೂ ಮರೆಯಲ್ಲ. ಇಂಥೋರನ್ನ ಯಾವುದೋ ಮೂಲೆಗೆ ಹಾಕೋದಾ?" ಪೆನ್ನು ತೆಗೆದು ವರ್ಗಾವಣೆ ಪಟ್ಟಿಯಲ್ಲಿದ್ದ ಹೆಸರನ್ನು ಅಲ್ಲೇ ಹೊಡೆದುಹಾಕಿದರು.

ಮೇಷ್ಟ್ರಿಗೆ ಹೋದ ಜೀವ ಬಂದಂತಾಯಿತು. ಕೈ ಮುಗಿದರು. ಇನ್‌ಸ್ಪೆಕ್ಟರು ಪೆನ್ನು ಮುಚ್ಚಲಿಲ್ಲ.

"ನಿಮ್ಮನ್ನ ಒಂದು ಶಾಲೆಗೆ ಕಳಿಸೋದು ಅನ್ಯಾಯ. ತಾಲ್ಲೂಕಿನ ಮೂವತ್ತಾರು ಶಾಲೆಗೂ ಹೋಗಿ ಇದೇ ಪಾಠ ಮಾಡಿ ತೋರಿಸ್ಬೇಕು. ನಾಳೆ ಆ ದೋಣಿ ಶಾಲೆಯಿಂದ್ಲೇ ಶುರು. ಉಪ್ಪು ಹನ್ನೊಂದೂಕಾಲೇ ಇರ್ಲಿ, ಪಾಠ ಇರೋದೇ ಅದರಲ್ಲಿ. ಮಕ್ಕಳ ಆರೋಗ್ಯ ನೋಡ್ಬೇಕಲ್ಲ, ರುಚಿ ಮಾತ್ರ ನೀವೇ ನೋಡಿ. ಒಂದೊಂದು ಶಾಲೆಗೆ ಎರಡೂವರೆ ದಿನ. ಎಲ್ಲಿ ಮಗು, ಒಟ್ಟು ಎಷ್ಟು ದಿನ ಆಯ್ತು ಹೇಳು?"

ಈ ಒಂದು ಸಲವಾದರೂ ಇವಳ ಲೆಕ್ಕ ತಪ್ಪಲಿ ಎಂದು ಮೇಷ್ಟ್ರು ಮನಸಾರೆ ಬೇಡಿಕೊಂಡರು.

"ತೊಂಬತ್ತು ದಿನ ಸಾರ್," ಎಂದಳು ಹುಡುಗಿ.