ಒಂಬತ್ತು ಮೀಟರ್ ಕೆರೆಯಲ್ಲಿ ಮೂವತ್ತೊಂದು ಮೀಟರ್

ನೀರು ಸರಬರಾಜು ಕಚೇರಿಯ ದಾಖಲೆಯಂತೆ ಊರಿಗೆ ನೀರು ಕೊಡುವ ಕೆರೆಯ ಆಳ ಒಂಬತ್ತು ಮೀಟರ್. ಅದೇ ಕಚೇರಿಯ ಇನ್ನೊಂದು ದಾಖಲೆಯಂತೆ, ಕಚೇರಿಯ ಏಕೈಕ ಡೈವರ್ ಅದೇ ಕೆರೆಯಲ್ಲಿ ಮೂವತ್ತೊಂದು ಮೀಟರ್ ಆಳಕ್ಕೆ ಇನ್ನೂರ ಹನ್ನೆರಡು ಸಲ ಇಳಿದು, ಇನ್ನೂರ ಹನ್ನೆರಡು ಸಲವೂ ಮೇಲೆ ಬಂದಿದ್ದಾನೆ. ಎರಡು ದಾಖಲೆಗಳೂ ಬೇರೆ ಬೇರೆ ಬೀರುಗಳಲ್ಲಿ ಇದ್ದುದರಿಂದ ಮೂವತ್ತನಾಲ್ಕು ವರ್ಷ ಯಾರಿಗೂ ಯಾವ ತೊಂದರೆಯೂ ಆಗಲಿಲ್ಲ.

ಡೈವರನನ್ನು ಎಲ್ಲರೂ ಮುಳುಗಜ್ಜ ಎನ್ನುತ್ತಿದ್ದರು. ಅರವತ್ತು ದಾಟಿ ನಾಲ್ಕು ವರ್ಷವಾಗಿತ್ತು. ಆದರೆ ಸಿಲಿಂಡರು ಬೆನ್ನಿಗೇರಿಸಿಕೊಂಡು ತೂಬಿನ ಜಾಲರಿಗೆ ಸಿಕ್ಕಿದ ಕಸ ಕೀಳಲು ಬೇರೆ ಯಾರೂ ಮುಂದೆ ಬಾರದ ಕಾರಣ, ಅವನಿಗೆ ವಯಸ್ಸಾಗುವುದನ್ನು ಮುಂದಿನ ಆದೇಶದವರೆಗೆ ತಡೆಹಿಡಿಯಲಾಗಿತ್ತು.

ಪ್ರತಿ ಸಲ ಇಳಿದು ಬಂದ ಮೇಲೆ ಆಳವನ್ನು ಪುಸ್ತಕದಲ್ಲಿ ಬರೆಸಬೇಕೆಂಬುದು ನಿಯಮ. ಆಳ ತೋರಿಸುವ ಮೀಟರು ಮೊದಲ ವಾರವೇ ಕೆಟ್ಟಿತು. ಎಷ್ಟು ಬರೆಯಲಿ ಎಂದು ಗುಮಾಸ್ತ ಕೇಳಿದಾಗ ಗೋಡೆಯ ಕ್ಯಾಲೆಂಡರಿನಲ್ಲಿ ತಾರೀಖು ಮೂವತ್ತೊಂದು ಇತ್ತು. ಅದನ್ನೇ ಹೇಳಿದ. ಮರುಸಲ ಕಡಿಮೆ ಹೇಳಿದರೆ ಕೆಲಸದಲ್ಲಿ ಸಡಿಲಾದ ಹಾಗೆ ಕಾಣುತ್ತದೆಂದು ಮತ್ತೆ ಅದನ್ನೇ ಹೇಳಿದ. ಬರೀ ಅಂಕಿ ಹೇಳಿ ಹೇಳಿ ಅವನಿಗೇ ಬೇಜಾರಾಗಿ, ಒಂದಿಷ್ಟು ಸಂಗತಿಯನ್ನೂ ಸೇರಿಸತೊಡಗಿದ. ಗಡ್ಡ ಬಿಟ್ಟ ಮೀನೊಂದು ಎದುರಾಗಿ ದಾರಿ ಕೇಳಿತು. ತಳದಲ್ಲಿ ದೀಪ ಹಾಕಿಕೊಂಡು ಒಂದು ಬಸ್ಸು ನಿಂತಿತ್ತು, ಕಂಡಕ್ಟರ್ ಕಾಣಲಿಲ್ಲ. ಒಳಗೆ ಹಾಕಿದ ಕೂಗು, ಅವನು ಮನೆಗೆ ಹೋಗಿ ಊಟ ಮುಗಿಸಿದ ಮೇಲೆ ದಡಕ್ಕೆ ಬಂತು. ಗುಮಾಸ್ತ ಪ್ರಾಮಾಣಿಕ ಮನುಷ್ಯ. ಹೇಳಿದ್ದನ್ನೆಲ್ಲ ಷರಾ ಕಾಲಮ್ಮಿನಲ್ಲಿ ದಾಖಲಿಸಿದ: "ಮೀನು ದಾರಿ ಕೇಳಿತು. ಹೇಳಲಾಗಿದೆ." ಬಂದುಹೋದ ಅಧಿಕಾರಿಗಳೆಲ್ಲ ಕೆಳಗೆ ಸಹಿ ಹಾಕುತ್ತ ಹೋದರು.

ಹೊಸದಾಗಿ ಬಂದ ಅಧಿಕಾರಿ ಮೇಡಂಗೆ ಮಾತ್ರ ಸಹಿ ಹಾಕುವ ಮೊದಲು ಓದುವ ಚಾಳಿ ಇತ್ತು. ಮೀನಿನ ವಿಷಯ, ಬಸ್ಸಿನ ವಿಷಯ ಓದಿ ಅವರು ಏನೂ ಅನ್ನಲಿಲ್ಲ. ಆದರೆ ಅಜ್ಜನ ಬಳಿ ಇರುವುದು ಆರಂಭದ ದರ್ಜೆಯ ಸ್ಕೂಬಾ ಡೈವಿಂಗ್ ಸರ್ಟಿಫಿಕೇಟು, ಅದರ ಮಿತಿ ಹದಿನೆಂಟು ಮೀಟರ್ ಎಂಬುದು ಅವರ ಕಣ್ಣಿಗೆ ಬಿತ್ತು. ಮೇಲ್ದರ್ಜೆಯ ಸರ್ಟಿಫಿಕೇಟು ಇಲ್ಲದೆ ಮಿತಿಗಿಂತ ಹದಿಮೂರು ಮೀಟರ್ ಕೆಳಗೆ, ಅದೂ ಇನ್ನೂರ ಹನ್ನೆರಡು ಸಲ. ಮೇಡಂ ನಿಯಮ ಬಲ್ಲವರು. ಅಜ್ಜನನ್ನು ಕೂರಿಸಿ, ನೀರು ಕೊಟ್ಟು, ಒಂದು ಅರ್ಜಿ ಕೈಗಿತ್ತರು. ಅದರ ಏಳನೆಯ ಕಾಲಮ್ಮು ಹೀಗಿತ್ತು: "ಮೇಲ್ದರ್ಜೆಯ ಸರ್ಟಿಫಿಕೇಟನ್ನು ತಾವು ಯಾವಾಗ ಪಡೆಯಲು ನಿರ್ಧರಿಸಿದ್ದೀರಿ?"

ಅಜ್ಜ ಅರ್ಜಿಯನ್ನು ಮನೆಗೆ ಒಯ್ದ. ಹೆಂಡತಿ ಅದನ್ನು ಓದಿಸಿ ಕೇಳಿಕೊಂಡು, ಒಗೆದ ಬಟ್ಟೆ ಮಡಚುತ್ತಲೇ ಇದ್ದಳು. ಸತ್ಯ ಗೊತ್ತಿದ್ದವಳು ಅವಳೊಬ್ಬಳೇ.

"ರೀ, ತಲೆಗೆ ನೀರು ಹಾಕಿಕೊಂಡರೆ ನಿಮಗೆ ಎರಡು ದಿನ ಕಿವಿ ಗುಂಯ್ ಅನ್ನುತ್ತೆ. ಸಮುದ್ರಕ್ಕೆ ಕರ್ಕೊಂಡು ಹೋಗಿ ನಿಜವಾಗ್ಲೂ ಮೂವತ್ತು ಮೀಟರ್ ಇಳಿಸ್ತಾರೆ. ಅಲ್ಲಿ ಯಾರ ಹತ್ತಿರ ಬಡಾಯಿ ಕೊಚ್ಕೋತೀರಿ?"

ಅಜ್ಜ ಕೆಮ್ಮಿದ. ಒಂಬತ್ತು ಮೀಟರಿಗೇ ಅವನ ಕಿವಿಯಲ್ಲಿ ಸೂಜಿ ಆಡುತ್ತಿತ್ತು. ಮೂವತ್ತಕ್ಕೆ ಹೋದರೆ ತಾನು ಬರುವುದು ಅನುಮಾನ, ಕೂಗೂ ಬರಲಾರದು ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಸುಳ್ಳು ಹೇಳಿದೆ ಅಂದರೆ ಹುದ್ದೆ ಹೋಗುತ್ತದೆ. ನಿಜ ಅಂದರೆ ಜೀವ ಹೋಗುತ್ತದೆ. ಬಹಳ ಹೊತ್ತು ಯೋಚಿಸಿ, ಎರಡೂ ಹೋಗದ ಹಾಗೆ, ಏಳನೆಯ ಕಾಲಮ್ಮಿನಲ್ಲಿ "ಕಾಲ ಕೂಡಿ ಬಂದಾಗ" ಎಂದು ಬರೆಸಿದ.

ಈ ಉತ್ತರದಿಂದ ಕಚೇರಿಗೆ ಸಂತೋಷವಾಯಿತು. ಕಾಲ ಕೂಡಿ ಬಂದಿದೆಯೇ ಇಲ್ಲವೇ ಎಂದು ತೀರ್ಮಾನಿಸಲು ಮೂರು ಜನರ ಸಮಿತಿ ರಚನೆಯಾಯಿತು. ಮೇಡಂ ಅಧ್ಯಕ್ಷರು. ಸಹಿಗಳ ಪರಿಚಯ ಇದ್ದುದರಿಂದ ಗುಮಾಸ್ತ ಕಾರ್ಯದರ್ಶಿ. ಕೆಳಗಿಳಿಯುವ ವಿಷಯದಲ್ಲಿ ಇಪ್ಪತ್ತು ವರ್ಷದ ಅನುಭವ ಇದ್ದುದರಿಂದ ಕಟ್ಟಡದ ಲಿಫ್ಟು ನಡೆಸುವವನು ತಜ್ಞ ಸದಸ್ಯ.

ಸಮಿತಿ ಹನ್ನೊಂದು ಸಲ ಸೇರಿತು. ಮೇಲ್ದರ್ಜೆಗೆ ಬೇಗ ಹೋದರೆ ಅನುಭವ ಸಾಲದು, ತಡವಾಗಿ ಹೋದರೆ ಕಲಿಯಲು ಏನೂ ಉಳಿದಿರುವುದಿಲ್ಲ ಎಂಬುದು ಚರ್ಚೆಯಿಂದ ಹೊರಬಿತ್ತು. ಐವತ್ತನೆಯ ಮುಳುಗೇ ಸರಿಯಾದ ಸಮಯವೆಂದು ಕಂಡುಬಂತು. ಲೆಕ್ಕ ಹಾಕಿ ನೋಡಿದರೆ ಅದು ಇಪ್ಪತ್ತಾರು ವರ್ಷದ ಹಿಂದೆಯೇ ಆಗಿಹೋಗಿತ್ತು. ಆ ದಿನಕ್ಕೆ ಅಜ್ಜನನ್ನು ಕಳಿಸಲು ಸಾಧ್ಯವೇ ಎಂದು ಸಮಿತಿ ಮೇಲಿನ ಕಚೇರಿಗೆ ಬರೆದು ಕೇಳಿತು. ಅಂಥ ಸೌಲಭ್ಯ ಸದ್ಯಕ್ಕೆ ಇಲ್ಲವೆಂದು ಉತ್ತರ ಬಂದ ಮೇಲೆ, ಬರುವ ಸೋಮವಾರ ಕಾಲ ಕೂಡಿ ಬರತಕ್ಕದ್ದು ಎಂದು ನಿರ್ಣಯವಾಯಿತು.

ಸೋಮವಾರ ಬೆಳಿಗ್ಗೆ ಡೈವಿಂಗ್ ಶಾಲೆಯ ತರಬೇತುದಾರ ಬಂದ. ಹೊರಗೆ ಜೀಪು ನಿಂತಿತ್ತು, ಸಮುದ್ರದಲ್ಲಿ ದೋಣಿಯೂ ಕಾಯುತ್ತಿದೆ ಎಂದ. ಅಜ್ಜ ಜೀಪನ್ನು ನೋಡಿದ. ಹಿಂದಿನ ಸೀಟಿನಲ್ಲಿ ಅವನ ಅಳತೆಯ ರಬ್ಬರಿನ ಉಡುಪು, ಒಳಗೆ ಯಾರೂ ಇಲ್ಲದೆ, ಕೈಕಾಲು ಚಾಚಿ ಮಲಗಿತ್ತು. ಅದನ್ನು ನೋಡಿದ್ದೇ ತಡ, ಹುದ್ದೆ ಹೋದರೆ ಹೋಗಲಿ ಎಂದು ಅವನಿಗೆ ಅನ್ನಿಸಿತು. ನೆಟ್ಟಗೆ ಸಮಿತಿಯ ಕೋಣೆಗೆ ಹೋಗಿ ನಿಂತ.

"ಮೇಡಂ, ತಪ್ಪಾಯ್ತು. ನಾನು ಮೂವತ್ತೊಂದು ಇಳಿದೇ ಇಲ್ಲ. ಕೆರೆ ಇರೋದೇ ಒಂಬತ್ತು ಮೀಟರ್. ಮೀನೂ ಇಲ್ಲ, ಬಸ್ಸೂ ಇಲ್ಲ. ಎಲ್ಲ ನಾನು ಹೊಸೆದದ್ದು."

ಮೂವತ್ತನಾಲ್ಕು ವರ್ಷದಲ್ಲಿ ಅವನು ಆಳದ ಬಗ್ಗೆ ಹೇಳಿದ ಮೊದಲ ನಿಜ ಅದು. ಹೇಳಿ ಅಭ್ಯಾಸವಿಲ್ಲದ್ದರಿಂದ ಸ್ವಲ್ಪ ತೊದಲಿದ.

ಕೋಣೆ ಗಂಭೀರವಾಯಿತು. ಮೇಡಂ ಎರಡು ಬೀರುಗಳಿಂದಲೂ ದಾಖಲೆ ತರಿಸಿ ಮೊದಲ ಬಾರಿಗೆ ಅಕ್ಕಪಕ್ಕ ಇಡಿಸಿದರು. ಒಂಬತ್ತು ಮೀಟರ್ ಎನ್ನುವ ಕಾಗದದಲ್ಲಿ ಒಂದೇ ಸಹಿ ಇತ್ತು, ಹಾಕಿದವರು ತೀರಿಕೊಂಡು ಬಹಳ ಕಾಲವಾಗಿತ್ತು. ಮೂವತ್ತೊಂದು ಎನ್ನುವ ಪುಸ್ತಕದಲ್ಲಿ ಇನ್ನೂರ ಹನ್ನೆರಡು ಸಹಿ ಇದ್ದವು. ಅವುಗಳಲ್ಲಿ ಕೆಲವನ್ನು ಹಾಕಿದವರು ಈಗ ಮೇಲಿನ ಕಚೇರಿಯಲ್ಲಿ ಬಹಳ ಎತ್ತರದಲ್ಲಿ ಕೂತಿದ್ದರು. ಎಷ್ಟು ಎತ್ತರ ಎಂಬುದು ಮೇಡಂಗೆ ಮೀಟರ್ ಇಲ್ಲದೆಯೇ ಗೊತ್ತಿತ್ತು.

"ಒಂದು ಉದ್ದ ಹಗ್ಗಕ್ಕೆ ಕಲ್ಲು ಕಟ್ಟಿ ಬಿಟ್ಟು ನೋಡಿ ಮೇಡಂ" ಎಂದ ಅಜ್ಜ.

ಹದಿನೆಂಟು ಮೀಟರಿಗಿಂತ ಕೆಳಗೆ ಕಲ್ಲನ್ನು ಇಳಿಸಲು ಅನುಮತಿ ಯಾರು ಕೊಡಬೇಕೆಂದು ಗುಮಾಸ್ತ ಕೇಳಿದ. ಯಾರಿಗೂ ಗೊತ್ತಿರಲಿಲ್ಲ.

ಆಗ ತರಬೇತುದಾರ ಚೀಲದಿಂದ ಕೈಪಿಡಿ ತೆಗೆದು ಓದಿದ. ಮೂವತ್ತು ಮೀಟರ್ ದಾಟಿದ ಡೈವರಿಗೆ ಆಳದ ಮಂಪರು ಹತ್ತಬಹುದು. ಕುಡಿದವನ ಹಾಗೆ ಬುದ್ಧಿ ಮಂಕಾಗುತ್ತದೆ, ಎಷ್ಟು ಆಳದಲ್ಲಿದ್ದೇನೆ ಎಂಬ ಅಂದಾಜು ತಪ್ಪುತ್ತದೆ. ಓದಿ ಮುಗಿಸಿ ಅಜ್ಜನ ಕಣ್ಣಿನ ರೆಪ್ಪೆ ಎತ್ತಿ ನೋಡಿದ.

"ಮೂವತ್ತೊಂದನ್ನ ಒಂಬತ್ತು ಅಂತಿದ್ದಾರೆ. ಬಸ್ಸನ್ನೂ ಮರೆತಿದ್ದಾರೆ. ಇಷ್ಟು ಗಟ್ಟಿ ಮಂಪರು ನಾನು ನೋಡಿಲ್ಲ ಮೇಡಂ. ನೀರಿಂದ ಹೊರಗೆ ಬಂದರೂ ಇಳಿದಿಲ್ಲ."

"ಅಯ್ಯೋ ತಮ್ಮಾ, ನಾನು ನೆಟ್ಟಗಿದ್ದೀನಿ" ಎಂದ ಅಜ್ಜ.

"ಮಂಪರು ಹತ್ತಿದವರು ಹೀಗೇ ಅಂತಾರೆ" ಎಂದು ತರಬೇತುದಾರ ಪುಟ ತಿರುವಿ ಆ ಸಾಲನ್ನೂ ತೋರಿಸಿದ.

ಸಮಿತಿ ಅಲ್ಲೇ ತೀರ್ಮಾನಕ್ಕೆ ಬಂತು. ಆಳದ ಪರಿಣಾಮವನ್ನು ಒಣನೆಲದಲ್ಲೂ ಕಾಪಾಡಿಕೊಂಡು ಬಂದಿರುವುದರಿಂದ ಅರ್ಜಿದಾರನನ್ನು ಸಮುದ್ರಕ್ಕೆ ಕಳಿಸುವ ಅಗತ್ಯವಿಲ್ಲ, ಸರ್ಟಿಫಿಕೇಟನ್ನು ಈ ದಿನವೇ ನೀಡತಕ್ಕದ್ದು. ಒಂಬತ್ತು ಮೀಟರಿನ ಕಾಗದವು ಮಂಪರಿನಲ್ಲಿ ಬರೆದದ್ದೆಂದು ಷರಾ ಹಾಕಲಾಯಿತು.

ಸರ್ಟಿಫಿಕೇಟು ಕೊಡುವ ಕೋಣೆ ನಾಲ್ಕನೆಯ ಮಹಡಿಯಲ್ಲಿತ್ತು. ಅಷ್ಟು ಆಳಕ್ಕೆ ಹೋದವರನ್ನು ದಡಬಡ ಮೇಲೆ ತರಬಾರದೆಂದು ಕೈಪಿಡಿಯಲ್ಲಿ ಇದ್ದುದರಿಂದ ಲಿಫ್ಟನ್ನು ನಿಷೇಧಿಸಲಾಯಿತು. ಲಿಫ್ಟಿನವನೇ ಅಜ್ಜನ ತೋಳು ಹಿಡಿದು ಮೆಟ್ಟಿಲು ಹತ್ತಿಸಿದ, ತಿರುವಿಗೊಮ್ಮೆ ಮೂರು ನಿಮಿಷ ನಿಲ್ಲಿಸಿದ. ಎರಡನೆಯ ತಿರುವಿನಲ್ಲಿ ಅಜ್ಜ ಇನ್ನೂ ಒಂಬತ್ತು ಅನ್ನುತ್ತಿದ್ದ. ಮೂರನೆಯದರಲ್ಲಿ ಸುಮ್ಮನಾದ. ನಾಲ್ಕನೆಯ ಮಹಡಿಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿದಾಗ, ಬಸ್ಸು ಹಸಿರು ಬಣ್ಣದ್ದು ಎಂದು ಅವನಿಗೆ ನೆನಪಾಯಿತು. ಗುಮಾಸ್ತ ಬರೆದುಕೊಂಡ.

ವಾರದೊಳಗೆ ಕೆರೆಯ ದಡದಲ್ಲಿ ಫಲಕ ನಿಂತಿತು: "ಎಚ್ಚರಿಕೆ. ಆಳ ಮೂವತ್ತೊಂದು ಮೀಟರ್." ಊರಿನವರು ಅದನ್ನು ಓದಿ, ಇಷ್ಟು ದಿನ ಮುಳುಗದೆ ಈಜಿದ್ದು ತಮ್ಮ ಪುಣ್ಯವೆಂದು ಬಟ್ಟೆ ಹಾಕಿಕೊಂಡು ಮನೆಗೆ ಹೋದರು. ಅಜ್ಜನ ಹೆಂಡತಿಯೂ ಹೋಗಿ ನೋಡಿ ಬಂದಳು. ಸರಕಾರದವರೇ ಬರೆಸಿದ ಮೇಲೆ ಅವಳು ಇನ್ನೇನು ಹೇಳುವುದು?

"ಇಷ್ಟು ವರ್ಷ ಒಂಬತ್ತು, ಒಂಬತ್ತು ಅಂತ ನನಗೆ ಸುಳ್ಳು ಹೇಳಿದ್ರಲ್ಲ" ಎಂದು ಸೆರಗಿನಿಂದ ಕಣ್ಣೊರೆಸಿಕೊಂಡು, ತಾನೇ ಒಂದು ಹೊಸ ಹಗ್ಗ ತಂದು ಅವನ ಸೊಂಟಕ್ಕೆ ಬಿಗಿದಳು.

ಇನ್ನೂರ ಹದಿಮೂರನೆಯ ಸಲ ಮುಳುಗಜ್ಜ ಜಾಲರಿ ತೊಳೆಯಲು ಇಳಿದ. ಹಿಂದೆಲ್ಲ ಸಿಳ್ಳೆ ಹಾಕಿಕೊಂಡು ನೀರಿಗೆ ಬೀಳುತ್ತಿದ್ದವನು ಈಗ ಒಂದೊಂದೇ ಹೆಜ್ಜೆ ಅಳೆದು ಇಳಿದ. ಒಂಬತ್ತು ಮೀಟರಿಗೆ ಕಾಲಿಗೆ ಕೆಸರು ತಗುಲಿತು. ಆಳದ ಅಂದಾಜು ತಪ್ಪುತ್ತದೆಂದು ಕೈಪಿಡಿಯಲ್ಲಿ ಇರುವುದು ಸುಮ್ಮನೆ ಅಲ್ಲ, ಅಂದುಕೊಂಡ. ತಳದ ಮೇಲೆ ನೆಟ್ಟಗೆ ನಿಂತು, ಕೆಳಗೆ ಇನ್ನೂ ಇಪ್ಪತ್ತೆರಡು ಮೀಟರ್ ಇದೆಯಲ್ಲ ಎಂದು ನೆನೆದು, ಹಗ್ಗವನ್ನು ಎರಡೂ ಕೈಯಲ್ಲಿ ಬಿಗಿಯಾಗಿ ಹಿಡಿದುಕೊಂಡ.