ಮಾಮಾನ ನೊರೆ ಪರೀಕ್ಷೆ

ನಮ್ಮ ಸೋದರಮಾವ ಇಡೀ ಬೈಲಹೊಂಗಲದಲ್ಲಿ ನಂಬುವುದು ಬ್ಯಾಕ್ಟೀರಿಯಾಗಳನ್ನು ಮಾತ್ರ. ಮನುಷ್ಯರೇನು, ಬಾಯಿಗೆ ಬಂದದ್ದು ಹೇಳುತ್ತಾರೆ. ಬ್ಯಾಕ್ಟೀರಿಯಾ ಹಾಗಲ್ಲವಂತೆ. ಯಾವ ಸಕ್ಕರೆ ತಿನ್ನುತ್ತದೆ, ತಿಂದು ಹುಳಿ ಮಾಡುತ್ತದೋ ಗ್ಯಾಸ್ ಬಿಡುತ್ತದೋ ನೋಡಿದರೆ ಸಾಕು, ಅದರ ಹೆಸರು, ಮನೆತನ ಎಲ್ಲ ಗೊತ್ತಾಗುತ್ತದಂತೆ. ಮೂವತ್ತು ವರ್ಷದಿಂದ ಒಂದು ಲ್ಯಾಬಿನಲ್ಲಿ ಅವನಿಗೆ ಇದೇ ಕೆಲಸ.

ಲ್ಯಾಬಿನಲ್ಲಿ ಮಾಡಿಕೊಂಡಿದ್ದರೆ ಯಾರಿಗೇನು ತೊಂದರೆ? ನನ್ನನ್ನು ನೋಡಲು ಯರಗಟ್ಟಿಯಿಂದ ವರ ಬಂದಾಗ ಮಾಮಾ ಅವರ ಮುಂದೆ ಮೂರು ತಟ್ಟೆ ಇಟ್ಟ. ಒಂದರಲ್ಲಿ ಬೆಲ್ಲದ ಶೇಂಗಾ ಹೋಳಿಗೆ, ಒಂದರಲ್ಲಿ ಹಾಲಿನ ಕುಂದಾ, ಇನ್ನೊಂದರಲ್ಲಿ ದ್ರಾಕ್ಷಿ. ಮೂರು ಬಗೆಯ ಸಕ್ಕರೆ! ಪಾಪ, ಬಂದವರು ಉಪಚಾರವೆಂದುಕೊಂಡರು. ವರ ಮೂರನ್ನೂ ಮುಗಿಸಿದರು. ಮರುದಿನ ಬೆಳಿಗ್ಗೆ ಮಾಮಾ ಅವರಿಗೆ ಫೋನ್ ಮಾಡಿದ.

"ನಿನ್ನಿ ತಿಂದಿದ್ದು ಗ್ಯಾಸ್ ಏನರ ಆತೇನ್ರಿ?"

"ಏನೂ ಆಗಿಲ್ರಿ. ಯಾಕ್ರಿ?"

"ಮೂರೂ ತಿಂದ್ರಿ, ಗ್ಯಾಸ್ ಇಲ್ಲ. ಮನಷ್ಯಾ ಚೊಲೊ ಅದೀರಿ."

ನನ್ನ ಲಗ್ನ ಗಟ್ಟಿಯಾದದ್ದು ಹೀಗೆ. ಈಗಲೂ ನಮ್ಮವರು ಹೊಟ್ಟೆ ಉಬ್ಬರಿಸಿದರೆ ನನಗೆ ಹೇಳದೆ ಅಜವಾನ ಅಗಿಯುತ್ತಾರೆ.

ಮಾಮಾನಿಗೆ ಎಲ್ಲಕ್ಕಿಂತ ಮೆಚ್ಚಿನದು ನೊರೆ ಪರೀಕ್ಷೆ. ಗಾಯ ತೊಳೆಯುವ ಪೆರಾಕ್ಸೈಡ್ ಇದೆಯಲ್ಲ, ಅದರ ಒಂದು ಹನಿಗೆ ಬ್ಯಾಕ್ಟೀರಿಯಾ ತಾಗಿಸುವುದು. ನೊರೆ ಬಂದರೆ ಗೊಂಚಲಾಗಿ ಬೆಳೆಯುವ ಜಾತಿ, ಬಾರದಿದ್ದರೆ ಸರದಂತೆ ಬೆಳೆಯುವ ಜಾತಿ. ಅದಕ್ಕೆ ಬೇರೆ ಔಷಧಿ, ಇದಕ್ಕೆ ಬೇರೆ. ಆದರೆ ಅವನ್ನು ಬೆಳೆಸುವ ತಟ್ಟೆಯಲ್ಲಿ ಕುರಿಯ ರಕ್ತ ಬೆರೆತಿರುತ್ತದೆ. ಅದರ ಮೇಲೆ ಬ್ಯಾಕ್ಟೀರಿಯಾ ಬೆಳೆದು ಮೂಡಿದ ಚುಕ್ಕೆಯನ್ನಷ್ಟೇ ತೆಗೆಯಬೇಕು. ಕೆಳಗಿನ ರಕ್ತವೂ ಬಂತೋ, ಅದೇ ನೊರೆ ಬರಿಸಿ ಮೋಸ ಮಾಡುತ್ತದೆ. "ಕೆನಿ ತಗೀರಿ ಅಂದ್ರ ಗಡಿಗಿ ತಳಾ ಕೆರೀತೀರಲ್ರಿ" ಎಂದು ತನ್ನ ಜೊತೆ ಕೆಲಸ ಮಾಡುವ ಮೇಡಂಗೆ ಅವನು ಎಷ್ಟು ಸಲ ಅಂದಿದ್ದಾನೋ, ಲೆಕ್ಕವಿಲ್ಲ.

ಹೋದ ವರ್ಷ ಸುರೇಬಾನದಲ್ಲಿ ನಮ್ಮ ಅವ್ವನ ಕಾಲಿಗೆ ಜಾಲಿ ಮುಳ್ಳು ಚುಚ್ಚಿ ಕೀವಾಯಿತು. ಮೊಣಕಾಲಿನವರೆಗೆ ಬಾವು, ಕೆಂಡದಂಥ ಜ್ವರ. ಮಾತ್ರೆ ನಾಟಲಿಲ್ಲ. ಬೈಲಹೊಂಗಲಕ್ಕೆ ಕರೆತಂದೆವು. "ಇದು ಯಾವ ಜಾತಿ ಅಂತ ಲಗೂನ ತಿಳೀಬೇಕ್ರಿ. ಇಲ್ಲಾಂದ್ರ ಕಾಲು ಉಳಿಯೂದು ಕಠಿಣ ಐತಿ" ಎಂದರು ಡಾಕ್ಟರು. ಕೀವು ಮಾಮಾನ ಲ್ಯಾಬಿಗೆ ಹೋಯಿತು. ಅವ್ವ ಅವನಿಗೆ ಒಬ್ಬಳೇ ಅಕ್ಕ.

ಮರುದಿನ ನಾನು ಲ್ಯಾಬಿನ ಬಾಗಿಲಲ್ಲಿ ನಿಂತಿದ್ದೆ. ಮಾಮಾ ತಟ್ಟೆಯಿಂದ ತೆಗೆದು ಹನಿಗೆ ತಾಗಿಸಿದ. ನೊರೆ ಬಂತು. ವರದಿ ಬರೆಯಲು ಪೆನ್ನು ತೆಗೆದ. ಆಗ ಮೇಡಂ ಮೆಲ್ಲಗೆ, "ಸರ್, ಗಡಿಗಿ ತಳಾ ಕೆರದೀರಿ" ಎಂದರು.

ಮಾಮಾ ತಟ್ಟೆ ನೋಡಿದ. ತನ್ನ ಕೈ ನೋಡಿಕೊಂಡ. "ಮೇಡಂ, ನೀವ ತಗೀರಿ" ಎಂದು ಪಕ್ಕಕ್ಕೆ ಸರಿದ. ಅವರು ತೆಗೆದರು. ನೊರೆ ಬರಲಿಲ್ಲ. ಅಂದೇ ಔಷಧಿ ಬದಲಾಯಿತು, ವಾರದಲ್ಲಿ ಬಾವು ಇಳಿಯಿತು.

ಅವ್ವ ಊರಿಗೆ ಹೊರಟ ದಿನ ಮಾಮಾ ತಾನಾಗಿಯೇ ತಪ್ಪೊಪ್ಪಿಕೊಂಡ. "ಅಕ್ಕಾ, ಕೀವು ನಿಂದು ಅಂತ ಕೈ ನಡಗಿಬಿಡ್ತು. ಸಣ್ಣಾಂವ ಇದ್ದಾಗ ನನ್ನ ಕಾಲಾಗಿನ ಮುಳ್ಳು ನೀ ಪಿನ್ನಿಲೆ ತಗೀತಿದ್ದಿ. ನಿನ್ನ ಕೈ ಒಮ್ಮೀನೂ ನಡಗಲಿಲ್ಲ ನೋಡು."

ಅವ್ವ ಚಪ್ಪಲಿ ಮೆಟ್ಟಿಕೊಳ್ಳುತ್ತ ಅಂದಳು: "ನೀ ಕಣ್ಣು ಮುಚಗೊಂಡು ಚೀರತಿದ್ದಿ. ನಿನಗೇನು ಕಾಣತಿತ್ತು?"